ಸುರಂಗದ ಕೊಲೆ: ನವೆಂಬರ್ ತಿಂಗಳಲ್ಲಿ ಒಂದು ಪತ್ತೇದಾರಿ ಕಾದಂಬರಿಯ ಕೆಲಸದ ದಾಖಲೆ

2025ರ ನವೆಂಬರ್ ತಿಂಗಳೊಳಗೆ ಒಂದು ಪತ್ತೇದಾರಿ ಕಾದಂಬರಿಯ ಮೊದಲ ಕರಡನ್ನು ಮುಗಿಸಬೇಕೆಂದು ಕೈಗೊಂಡ ಕೆಲಸದ ದಾಖಲೆ ಇದು. ಕರಡು ಮುಗಿದಿದೆ, ಕಾದಂಬರಿ ಮುಗಿದಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಪಕ್ಕದ ತೋಟದ ಮನೆಯಲ್ಲಿ ಕುಳಿತು ಬರೆದದ್ದಾದ್ದರಿಂದ ಮಳೆ, ಕರೆಂಟು, ಅಂಗಳದ ಅಡಕೆ ಎಲ್ಲವೂ ಈ ಲೆಕ್ಕದೊಳಗೆ ಬರುತ್ತವೆ. ಪತ್ತೇದಾರಿ, ಭಯಾನಕ, ವೈಜ್ಞಾನಿಕ ಮೊದಲಾದ ಬಗೆಯ ಕಥೆಗಳನ್ನು ಬರೆಯುವವರು ಇಂಥ ಸವಾಲಿಗೆ ಇಳಿಯುವ ಮುನ್ನ ಏನೇನು ಸಿದ್ಧಪಡಿಸಿಕೊಳ್ಳಬೇಕೆಂಬುದಕ್ಕೆ ಉಪಯೋಗವಾದೀತೆಂದು ಕ್ರಮವಾಗಿ ಬರೆದಿಟ್ಟಿದ್ದೇನೆ.

ಸವಾಲಿನ ಮೂಲ ಅಮೆರಿಕದ್ದು. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ ಕ್ರಿಸ್ ಬೇಟಿ ಎಂಬವರು 21 ಮಂದಿಯ ಗುಂಪಿನೊಂದಿಗೆ ಒಂದು ತಿಂಗಳಲ್ಲಿ ಕಾದಂಬರಿ ಬರೆಯುವ ಆಟವನ್ನು ಜುಲೈಯಲ್ಲಿ ಆರಂಭಿಸಿದರು. ಹೊರಗೆ ಹವೆ ಕೆಟ್ಟಿರುವಾಗ ಒಳಗೆ ಕುಳಿತು ಬರೆಯುವುದು ಸುಲಭವೆಂದು ಮರುವರ್ಷ ಅದನ್ನು ನವೆಂಬರಿಗೆ ಸರಿಸಿದರು. 30 ದಿನ, 50,000 ಪದ, ಅಂದರೆ ದಿನಕ್ಕೆ 1,667 ಪದ ಎಂಬುದು ನಿಯಮ. ಇದನ್ನು ನಡೆಸುತ್ತಿದ್ದ ಸಂಸ್ಥೆ 2025ರ ಮಾರ್ಚ್ ಕೊನೆಯಲ್ಲಿ ಬಾಗಿಲು ಹಾಕುವುದಾಗಿ ಪ್ರಕಟಿಸಿತಾದರೂ, ಲೆಕ್ಕವಿಡಲು ಒಂದು ಪುಸ್ತಕವೂ ಕೇಳಲು ಒಬ್ಬಿಬ್ಬರು ಸ್ನೇಹಿತರೂ ಇದ್ದರೆ ಸಂಸ್ಥೆ ಇಲ್ಲದೆಯೂ ಆಟ ನಡೆಯುತ್ತದೆ. ನಮ್ಮಲ್ಲಿ ನವೆಂಬರ್ 1 ಅತ್ತ ಕನ್ನಡ ರಾಜ್ಯೋತ್ಸವ, ಇತ್ತ 1956ರಲ್ಲಿ ಕಾಸರಗೋಡು ಸೇರಿಕೊಂಡ ಕೇರಳದ ಹುಟ್ಟುಹಬ್ಬ. ಗಡಿಯ ಎರಡೂ ಬದಿಯ ಪೊಲೀಸರು ಬರುವ ಕಥೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿರಲಿಲ್ಲ.

ಹಂತ 1. ಅಕ್ಟೋಬರ್: ಗುರಿಯನ್ನು ಅಳೆದುಕೊಂಡದ್ದು

50,000 ಎಂಬ ಸಂಖ್ಯೆಯನ್ನು ಹಾಗೆಯೇ ತೆಗೆದುಕೊಂಡರೆ ಕನ್ನಡದಲ್ಲಿ ಬರೆಯುವವನು ಸುಮ್ಮನೆ ಬಳಲುತ್ತಾನೆ. ಇಂಗ್ಲಿಷಿನಲ್ಲಿ ನಾಲ್ಕೈದು ಪದಗಳಾಗಿ ನಿಲ್ಲುವುದು ನಮ್ಮಲ್ಲಿ ವಿಭಕ್ತಿ, ಕಾಲ, ಸಂಧಿಗಳೆಲ್ಲ ಸೇರಿ ಒಂದೇ ಪದವಾಗುತ್ತದೆ. ಕಂಪ್ಯೂಟರು ನಡುವಿನ ಖಾಲಿ ಜಾಗವನ್ನು ನೋಡಿ ಅದನ್ನು ಒಂದೆಂದೇ ಎಣಿಸುತ್ತದೆ. ನಾನೇ ಹಿಂದೆ ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಂದಿದ್ದ ಕೆಲವು ಬರಹಗಳನ್ನು ಅಕ್ಕಪಕ್ಕ ಇಟ್ಟು ಎಣಿಸಿದಾಗ 1,000 ಪದಕ್ಕೆ ಸುಮಾರು 720 ಪದ ಬಂತು. ಆ ಲೆಕ್ಕದಲ್ಲಿ 50,000ಕ್ಕೆ ಸಮನಾದದ್ದು 36,000, ಅಂದರೆ ದಿನಕ್ಕೆ 1,200. ನನ್ನ ಹಿಂದಿನ ಪುಸ್ತಕದಲ್ಲಿ ಪುಟಕ್ಕೆ ಸುಮಾರು 220 ಪದಗಳಿದ್ದುದರಿಂದ ಅಚ್ಚಿನಲ್ಲಿ 160 ಪುಟಗಳ ಆಸುಪಾಸು ಆಗುತ್ತದೆ, ಪತ್ತೇದಾರಿ ಕಾದಂಬರಿಗೆ ಸರಿಯಾದ ಗಾತ್ರ. ಬೇರೆ ಬರಹಗಾರರ ಅನುಪಾತ ಬೇರೆ ಬರಬಹುದು. ಅವರವರ ಬರಹವನ್ನು ಅವರವರೇ ಎಣಿಸಿಕೊಳ್ಳುವುದು ಲೇಸು.

ಕಥೆಯ ಚೌಕಟ್ಟು ಹೀಗಿತ್ತು. ಬಾಯಾರು ಕಡೆಯ ಒಂದು ಮನೆಗೆ ನೀರು ಬರುವುದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ. ಅಡಕೆ ವ್ಯಾಪಾರಿಯೊಬ್ಬನ ಶವ ಆ ಸುರಂಗದೊಳಗೆ ಸಿಗುತ್ತದೆ. ಸಂಶಯಕ್ಕೊಳಗಾದವನ ಮನೆ ಗಡಿಯಾಚೆ, ಕರ್ನಾಟಕದ ಅಡ್ಯನಡ್ಕದ ಕಡೆ. ರಾತ್ರಿ ಮನೆಯ ತೊಟ್ಟಿಗೆ ನೀರು ಬರುವುದು ಯಾವಾಗ ನಿಂತಿತೆಂಬುದರಿಂದ ಕೊಲೆಯ ಹೊತ್ತನ್ನು ಲೆಕ್ಕಹಾಕುವುದು ಕಥೆಯ ಕೀಲಿಕೈ.

ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಅಂಕಣಗಳ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ: ಸುಳಿವು ಯಾವುದು, ಓದುಗನ ಕಣ್ಣಿಗೆ ಬೀಳುವುದು ಯಾವ ಅಧ್ಯಾಯದಲ್ಲಿ, ಪತ್ತೇದಾರನಿಗೆ ಅದರ ಅರ್ಥ ಹೊಳೆಯುವುದು ಯಾವ ಅಧ್ಯಾಯದಲ್ಲಿ. ಎರಡನೆಯ ಅಂಕಣದ ಸಂಖ್ಯೆ ಯಾವಾಗಲೂ ಮೂರನೆಯದಕ್ಕಿಂತ ಚಿಕ್ಕದಾಗಿರಬೇಕು, ಅಷ್ಟೆ. ಓದುಗನಿಗೆ ತೋರಿಸದ ಸುಳಿವಿನಿಂದ ಕೊಲೆಗಾರನನ್ನು ಹಿಡಿಯುವುದು ಈ ಬಗೆಯ ಕಥೆಯಲ್ಲಿ ಮೋಸವೆನಿಸುತ್ತದೆ.

ಹಂತ 2. ಸಲಕರಣೆ ಮತ್ತು ಖರ್ಚು

ಲ್ಯಾಪ್‌ಟಾಪ್ ಹಳೆಯದು, ಬ್ಯಾಟರಿ ಒಂದು ಗಂಟೆಯೂ ನಿಲ್ಲದು. ಆದ್ದರಿಂದ ಕರೆಂಟು ಇಲ್ಲದಾಗ ಫೋನಿನಲ್ಲಿ ಬರೆಯಲು 1,150 ರೂಪಾಯಿಯ ಒಂದು ಬ್ಲೂಟೂತ್ ಕೀಲಿಮಣೆ ಕೊಂಡೆ. ಚಾರ್ಜ್ ಮಾಡುವ ಎಲ್‌ಇಡಿ ದೀಪಕ್ಕೆ 450, ಇನ್ನೂರು ಪುಟದ ನೋಟ್‌ಬುಕ್ಕಿಗೆ 70. ಬರೆಯಲು ಲಿಬ್ರೆಆಫೀಸ್, ಯೂನಿಕೋಡ್ ಅಕ್ಷರ, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ. ಇಪ್ಪತ್ತು ವರ್ಷಗಳಿಂದ ಬೆರಳಿಗೆ ಕೂತದ್ದನ್ನು ಸವಾಲಿನ ತಿಂಗಳಲ್ಲಿ ಬದಲಿಸುವ ಸಾಹಸ ಮಾಡಬಾರದು.

ಪರಿಶೀಲಿಸಬೇಕಾದ ವಿವರ ಬಂದಲ್ಲೆಲ್ಲ ನಿಲ್ಲದೆ ‘ಕಕಕ’ ಎಂದು ಟೈಪಿಸಿ ಮುಂದೆ ಹೋಗುವುದೆಂದು ನಿಯಮ ಮಾಡಿಕೊಂಡೆ. ಕನ್ನಡದ ಯಾವ ಪದದಲ್ಲೂ ಈ ಮೂರು ಅಕ್ಷರಗಳು ಹೀಗೆ ಸಾಲಾಗಿ ಬಾರವಾದ್ದರಿಂದ ಆಮೇಲೆ ಹುಡುಕಿದರೆ ಆ ಜಾಗಗಳೇ ಸಿಗುತ್ತವೆ. ಪ್ರಶ್ನಾರ್ಥಕ ಚಿಹ್ನೆಯನ್ನೋ ನಕ್ಷತ್ರವನ್ನೋ ಹಾಕಿದರೆ ಅವು ಬೇರೆ ಕಾರಣಕ್ಕೂ ಬಂದಿರುತ್ತವೆ.

ಹಂತ 3. ನವೆಂಬರ್ 1ರಿಂದ 8: ವೇಗ ಮತ್ತು ಅದರ ಪೊಳ್ಳು

ಮೊದಲ ವಾರ ಗುರಿಗಿಂತ ಮುಂದಿದ್ದೆ. ಬೆಳಗ್ಗೆ ಐದರಿಂದ ಏಳೂವರೆಯವರೆಗೆ ಒಂದು ಪಾಳಿ, ಸಂಜೆ ಇನ್ನೊಂದು. ಆದರೆ ತುಲಾಮಾಸದ ಮಳೆ ಬರುವುದೇ ಸಂಜೆಗೆ, ಅದೂ ಸಿಡಿಲಿನೊಡನೆ. ಸಿಡಿಲು ಶುರುವಾದೊಡನೆ ಪ್ಲಗ್ ಕೀಳುವುದು ಇಲ್ಲಿನ ಮನೆಗಳ ರೂಢಿ. ಅದಕ್ಕೆ ಸ್ವಲ್ಪ ಮೊದಲು ಅಂಗಳದಲ್ಲಿ ಹರಡಿದ ಚಾಲಿಯನ್ನು, ಅಂದರೆ ಬಿಸಿಲಿಗೆ ಒಣಗಿಸುವ ಅಡಕೆಯನ್ನು, ರಾಶಿ ಮಾಡಿ ಟಾರ್ಪಾಲಿನ ಕೆಳಗೆ ಸೇರಿಸಬೇಕು. ಮೊದಲ ಕೊಯ್ಲಿನ ಅಡಕೆ ಒಂದು ಮಳೆಗೆ ನೆನೆದರೂ ಅದರ ಬಣ್ಣ ಹೋಗುತ್ತದಾದ್ದರಿಂದ, ಪತ್ತೇದಾರ ಬಾಗಿಲು ತಟ್ಟುತ್ತಿರುವ ವಾಕ್ಯವೇ ಆಗಿದ್ದರೂ ಅಲ್ಲಿಯೇ ಬಿಟ್ಟು ಓಡಬೇಕು. ಸಂಜೆಯ ಪಾಳಿಯನ್ನು ಹೀಗೆ ನೋಟ್‌ಬುಕ್ಕಿಗೆ ವರ್ಗಾಯಿಸಿದೆ. ಕೈಯಲ್ಲಿ ಬರೆದದ್ದನ್ನು ಮರುದಿನ ಬೆಳಗ್ಗೆ ಟೈಪಿಸುವುದರಿಂದ ಎರಡು ಕೆಲಸವಾಯಿತು ನಿಜ, ಆದರೆ ಆ ಭಾಗಗಳೇ ಕರಡಿನಲ್ಲಿ ಹೆಚ್ಚು ಗಟ್ಟಿಯಾಗಿವೆ.

ಧ್ವನಿಯಿಂದ ಟೈಪಿಸುವ ಪ್ರಯೋಗ ಮಾಡಿ ಕೈಬಿಟ್ಟೆ. ತೋಟದಲ್ಲಿ ನಡೆಯುತ್ತಾ ಸಂಭಾಷಣೆಗಳನ್ನು ಫೋನಿಗೆ ಹೇಳಿದರೆ ಗ್ರಂಥಸ್ಥ ಕನ್ನಡವನ್ನು ಅದು ಬಹುಮಟ್ಟಿಗೆ ಸರಿಯಾಗಿಯೇ ಹಿಡಿಯುತ್ತಿತ್ತು, ಹವ್ಯಕ ಮಾತನ್ನು ಮಾತ್ರ ತನ್ನಷ್ಟಕ್ಕೆ ತಿದ್ದಿಬಿಡುತ್ತಿತ್ತು. ನೀರು ನಿಲ್ಲುವ ಕೆರೆಯಂಥ ಮಡಕವನ್ನು ಅದು ಪ್ರತಿಸಲವೂ ಮಡಕೆ ಮಾಡಿತು. ಸಾಕ್ಷಿ ಹೇಳುವ ಮುದುಕಿ ‘ಮಡಕದ ನೀರು ಕೆಂಪಾಗಿತ್ತು’ ಎನ್ನುವುದಕ್ಕೂ ‘ಮಡಕೆಯ ನೀರು ಕೆಂಪಾಗಿತ್ತು’ ಎನ್ನುವುದಕ್ಕೂ ತನಿಖೆಯ ದಿಕ್ಕೇ ಬೇರೆಯಾಗುತ್ತದೆ. ತಿದ್ದುವ ಹೊತ್ತಿಗೆ ಟೈಪಿಸಿದ್ದರೆ ಮುಗಿಯುತ್ತಿತ್ತು.

ವಾರದ ಕೊನೆಗೆ ಹಿಂತಿರುಗಿ ಓದಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸಾಮಾನ್ಯವಾಗಿ ‘ಕಾಯುತ್ತಿದ್ದ’ ಎಂದು ಬರೆಯುವವನು ‘ಕಾಯುತ್ತಾ ಇದ್ದ’ ಎಂದು ಬರೆದಿದ್ದೆ, ‘ಬಂದುಬಿಟ್ಟ’ ಎನ್ನುವಲ್ಲಿ ‘ಬಂದು ಬಿಟ್ಟ’, ‘ಮನೆಯೊಳಗೆ’ ಎನ್ನುವಲ್ಲಿ ‘ಮನೆಯ ಒಳಗೆ’. ಬೇಕೆಂದು ಮಾಡಿದ್ದಲ್ಲ, ಪರದೆಯ ಕೆಳಗೆ ಸಂಖ್ಯೆ ಏರುವುದನ್ನು ನೋಡುತ್ತಾ ಕುಳಿತರೆ ಬೆರಳು ತಾನಾಗಿ ಪದಗಳನ್ನು ಒಡೆಯುತ್ತದೆ. ಅಂದಿನಿಂದ ಎಣಿಕೆಯನ್ನು ಅಕ್ಷರಸಂಖ್ಯೆಗೆ ಬದಲಿಸಿದೆ. ನನ್ನ ಬರಹದಲ್ಲಿ 1,200 ಪದಕ್ಕೆ ಬರುವ ಅಕ್ಷರಗಳನ್ನು ಹಳೆಯ ಪುಸ್ತಕದಿಂದ ಲೆಕ್ಕಹಾಕಿ ಅದನ್ನೇ ದಿನದ ಗುರಿ ಮಾಡಿಕೊಂಡೆ. ಪದ ಒಡೆದರೆ ಅದರಲ್ಲಿ ಸಿಗುವ ಲಾಭ ಹೆಚ್ಚೇನೂ ಇಲ್ಲ. ಕನ್ನಡದಲ್ಲಿ ಈ ಸವಾಲನ್ನು ಕೈಗೊಳ್ಳುವವರು ಮೊದಲ ದಿನದಿಂದಲೇ ಹೀಗೆ ಎಣಿಸುವುದು ಉತ್ತಮ.

ಹಂತ 4. ನವೆಂಬರ್ 9ರಿಂದ 17: ಕೀಲಿಕೈ ಮುರಿದದ್ದು

ಒಂಬತ್ತನೆಯ ಅಧ್ಯಾಯದಲ್ಲಿ ತೊಟ್ಟಿಗೆ ನೀರು ನಿಂತದ್ದು ಗೊತ್ತಾಗಬೇಕಿತ್ತು. ಶವ ಬಿದ್ದ ಮೇಲೆ ನೀರು ನಿಲ್ಲಲು ಎಷ್ಟು ಹೊತ್ತು ಬೇಕೆಂಬಲ್ಲಿ ‘ಕಕಕ’ ಎಂದು ಹಾಕಿ ಮುಂದೆ ಹೋಗಿದ್ದೆ. ಆದರೆ ಅಲ್ಲಿಂದ ಮುಂದಿನ ಪ್ರತಿಯೊಂದು ವಿಚಾರಣೆಯೂ ಆ ಹೊತ್ತಿನ ಮೇಲೆಯೇ ನಿಂತಿತ್ತು. ಹನ್ನೊಂದನೆಯ ಅಧ್ಯಾಯದ ನಡುವೆ ಯಾರು ಎಲ್ಲಿದ್ದರೆಂದು ಬರೆಯಲಾಗದೆ ಕೆಲಸ ನಿಂತಿತು. ಕೊನೆಗೆ ಬಾಯಾರಿನ ಸ್ನೇಹಿತರೊಬ್ಬರ ಸುರಂಗಕ್ಕೆ ಟೇಪು, ಹತ್ತು ಲೀಟರಿನ ಬಕೆಟ್ಟು, ಮರಳು ತುಂಬಿದ ಗೋಣಿಚೀಲಗಳನ್ನು ಹೊತ್ತುಕೊಂಡು ಹೋದೆ.

ಸುರಂಗವೆಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದೊಳಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಿಂತು ಪಿಕಾಸಿ ಬೀಸುವಷ್ಟೇ ಜಾಗ ಬಿಟ್ಟು ಕೊರೆದ ದಾರಿ. ನಾನು ಅಳೆದಲ್ಲಿ ಅಗಲ 62 ಸೆಂಟಿಮೀಟರು, ಎತ್ತರ 1.85 ಮೀಟರು. ಭುಜ ಎರಡೂ ಗೋಡೆಗೆ ಸವರುತ್ತದೆ, ಇಬ್ಬರು ಎದುರುಬದುರಾದರೆ ಒಬ್ಬ ಹಿಂದೆ ಸರಿಯಬೇಕು. ಕಲ್ಲಿನಿಂದ ಜಿನುಗುವ ನೀರು ನೆಲದ ಒಂದು ಬದಿಯ ಕಿರುಗಾಲುವೆಯಲ್ಲಿ ಹರಿದು ಬಾಯಿಯ ಬಳಿ ಪೈಪಿಗೆ ಇಳಿಯುತ್ತದೆ. ಹಿಂದೆ ಅಡಕೆ ಮರವನ್ನು ಸೀಳಿ ಮಾಡಿದ ದಂಬೆಯಲ್ಲಿ ಹರಿಸುತ್ತಿದ್ದುದನ್ನು ಈಗ ಪಿವಿಸಿಯಲ್ಲಿ ಹರಿಸುತ್ತಾರೆ. ಪಂಪು, ಕರೆಂಟು ಏನೂ ಬೇಡ, ಇಳಿಜಾರೇ ಸಾಕು. ಬಕೆಟ್ಟು ತುಂಬಲು 40 ಸೆಕೆಂಡು ಹಿಡಿಯಿತು, ಅಂದರೆ ನಿಮಿಷಕ್ಕೆ 15 ಲೀಟರು. ಅಲ್ಲಿಯವರೆಗೆ ಕರಡಿನಲ್ಲಿ ಪತ್ತೇದಾರನೂ ಇನ್‌ಸ್ಪೆಕ್ಟರನೂ ಶವದ ಎರಡು ಬದಿಗಳಲ್ಲಿ ಕುಕ್ಕರಗಾಲಲ್ಲಿ ಕುಳಿತು ಮಾತಾಡುತ್ತಿದ್ದರು. ಟೇಪು ಹಿಡಿದ ಒಡನೆ ಆ ದೃಶ್ಯ ಹೋಯಿತು.

ಮುಖ್ಯವಾದದ್ದು ಗೋಣಿಚೀಲದ ಪರೀಕ್ಷೆ. ಶವದ ಬದಲು ಚೀಲಗಳನ್ನು ಕಾಲುವೆಗೆ ಅಡ್ಡ ಇಟ್ಟೆವು. ಹರಿವು ಮೊದಲು ಅರ್ಧಕ್ಕೆ ಇಳಿಯಿತು, ಹಿಂದೆ ನೀರು ನಿಂತು ಏರಿತು, ಕೆಲವೇ ನಿಮಿಷಗಳಲ್ಲಿ ಚೀಲದ ಮೇಲಿನಿಂದಲೂ ಸಂದಿಯಿಂದಲೂ ಮತ್ತೆ ಮೊದಲಿನಂತೆಯೇ ಹರಿಯತೊಡಗಿತು. ಚೀಲ ಹೇಗೆ ತಿರುಗಿಸಿಟ್ಟರೂ ಅಷ್ಟೆ. ನಿಮಿಷಕ್ಕೆ 15 ಲೀಟರು ನೀರನ್ನು ಒಂದು ದೇಹ ರಾತ್ರಿಯಿಡೀ ತಡೆದು ನಿಲ್ಲಿಸುವುದಿಲ್ಲ. ನನ್ನ ಕಥೆಯ ಕೊಲೆಯ ಹೊತ್ತು, ಅದರ ಮೇಲೆ ಕಟ್ಟಿದ ನಾಲ್ಕು ವಿಚಾರಣೆಗಳು, ಒಬ್ಬನ ಬಂಧನ ಎಲ್ಲವೂ ನೀರಿನೊಡನೆ ಹರಿದುಹೋದವು; ಸುಮಾರು 9,000 ಪದಗಳನ್ನು ಬೇರೆ ಕಡತಕ್ಕೆ ಎತ್ತಿಡಬೇಕಾಯಿತು.

ಈ ತಿಂಗಳ ಸವಾಲಿನಲ್ಲಿ ಎಲ್ಲರೂ ಹೇಳುವ ಮಾತು, ನಿಲ್ಲಬೇಡಿ, ಪರಿಶೀಲನೆ ಆಮೇಲೆ ಎಂಬುದು. ಕುಟುಂಬದ ಕಥೆ ಬರೆಯುವವರಿಗೆ ಅದು ಸರಿಹೋಗಬಹುದು. ಪತ್ತೇದಾರಿ ಕಥೆಯಲ್ಲಿ ಊರಿನ ಹೆಸರು, ಕಾಯ್ದೆಯ ಕಲಮು, ಬಸ್ಸಿನ ವೇಳೆ ಆಮೇಲೆ ಸಿಕ್ಕರೂ ನಡೆಯುತ್ತದೆ. ಆದರೆ ಯಾವ ತಂತ್ರದ ಮೇಲೆ ಅಪರಾಧ ನಿಂತಿದೆಯೋ ಅದನ್ನು ಮೊದಲ ಪದ ಬರೆಯುವ ಮುನ್ನವೇ ಕೈಯಿಂದ ಮಾಡಿ ನೋಡಿರಬೇಕು. ನನ್ನ ‘ಕಕಕ’ ಪದ್ಧತಿ ಈ ಎರಡರ ನಡುವೆ ಭೇದವಿಲ್ಲದೆ ಎಲ್ಲವನ್ನೂ ಮುಂದೂಡಲು ಬಿಟ್ಟಿತು. ಅಕ್ಟೋಬರಿನಲ್ಲಿ ಪಟ್ಟಿ ಗೋಡೆಗೆ ಅಂಟಿಸುವಾಗಲೇ ಬಕೆಟ್ಟು ಹಿಡಿದು ಹೋಗಿದ್ದರೆ ಅರ್ಧ ದಿನದ ಕೆಲಸ.

ದುರಸ್ತಿಯ ದಾರಿ ಅದೇ ಪರೀಕ್ಷೆಯಲ್ಲಿ ಸಿಕ್ಕಿತು. ಚೀಲ ಇಟ್ಟು ತೆಗೆಯುವಷ್ಟರಲ್ಲಿ ಕಾಲುವೆಯ ತಳದ ಕೆಸರು ಕದಡಿ, ಪೈಪಿನ ಇನ್ನೊಂದು ತುದಿಗೆ ಕಟ್ಟಿದ್ದ ಹಳೆಯ ಪಂಚೆಯ ತುಂಡು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕಸ ಬಾರದಿರಲೆಂದು ಪೈಪಿನ ಬಾಯಿಗೆ ಹೀಗೆ ಬಟ್ಟೆ ಕಟ್ಟಿರುತ್ತಾರೆ. ಸ್ನೇಹಿತರ ತಾಯಿ ಅದನ್ನು ಕಂಡು, ನಾವು ಏನು ಮಾಡಿದೆವೆಂದು ಕೇಳದೆ, ಬಟ್ಟೆಯನ್ನು ಬಿಚ್ಚಿ ಒಗೆದು ಕಟ್ಟಿದರು. ನನಗೆ ಬೇಕಾದ ಸುಳಿವು ಅದು. ನೀರು ನಿಲ್ಲಲಿಲ್ಲ, ಕೆಂಪಾಯಿತು. ಆ ರಾತ್ರಿ ಬಟ್ಟೆಯನ್ನು ಯಾರೋ ಬದಲಿಸಿದ್ದಾರೆ. ಬದಲಿಸಿದವರಿಗೆ ಕಾರಣ ಗೊತ್ತಿತ್ತು. ಹೊತ್ತಿನ ಲೆಕ್ಕ ಹೋಗಿ ಅದರ ಜಾಗದಲ್ಲಿ ಒಂದು ಕೈ ಬಂತು, ಮನೆಯೊಳಗಿನ ಕೈ. ಬಟ್ಟೆಯ ಗುಟ್ಟು ಇಲ್ಲೇ ಹೇಳಿಬಿಟ್ಟನಲ್ಲ ಎಂದು ಓದುಗರು ಬೇಸರಿಸಬೇಕಿಲ್ಲ. ಅದನ್ನು ಬದಲಿಸಿದವರು ಯಾರು, ಬದಲಿಸಿದವರೇ ಕೊಂದರೇ ಎಂಬುದು ಪುಸ್ತಕದಲ್ಲಿದೆ.

ಹಂತ 5. ನವೆಂಬರ್ 18ರಿಂದ 23: ಹೆದ್ದಾರಿ

ಎರಡನೆಯ ಸಂಶಯಾಸ್ಪದನ ರಕ್ಷಣೆ ರಸ್ತೆಯ ಮೇಲೆ ನಿಂತಿತ್ತು. ರಾತ್ರಿ ತಲಪಾಡಿಯಲ್ಲಿ ಕಂಡವನು ಅಷ್ಟರೊಳಗೆ ಕುಂಬಳೆ ತಲಪಿರಲು ಸಾಧ್ಯವಿಲ್ಲವೆಂಬುದು ವಾದ. ಚೌಕಟ್ಟಿನ ಈ ಭಾಗ ಹಳೆಯ ಟಿಪ್ಪಣಿಯಿಂದ ಬಂದದ್ದು, ಮಂಜೇಶ್ವರ, ಉಪ್ಪಳಗಳ ಪೇಟೆಯೊಳಗೆ ಲಾರಿಯ ಹಿಂದೆ ತೆವಳುತ್ತಿದ್ದ ಕಾಲದ್ದು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಈಗ ಆರು ಪಥ. ಸ್ನೇಹಿತರ ಕಾರಿನಲ್ಲಿ ಹೋಗಿ ನೋಡಿದರೆ ಕುಂಬಳೆಗೆ ಅರ್ಧ ಗಂಟೆ ಬೇಕಾಗಲಿಲ್ಲ. ರಕ್ಷಣೆ ಬಿದ್ದಿತು.

ಆದರೆ ಅದೇ ರಸ್ತೆ ಬೇರೊಂದನ್ನು ಕೊಟ್ಟಿತು. ಕುಂಬಳೆಯಿಂದ ಉತ್ತರಕ್ಕೆ ಬರುವವನು ಕೈಕಂಬದಿಂದ ಬಲಕ್ಕೆ ಬಾಯಾರು ರಸ್ತೆಗೆ ತಿರುಗಬೇಕು. ಮೊದಲು ಸ್ಟಿಯರಿಂಗ್ ತಿರುಗಿಸಿದರೆ ಆಯಿತು. ಈಗ ನಡುವೆ ಗೋಡೆ. ಮುಖ್ಯ ಪಥದಿಂದ ಹೊರಬರುವ ಜಾಗ ಬಂದಾಗಲೇ ಸರ್ವೀಸ್ ರಸ್ತೆಗಿಳಿದು, ಅಡಿಸೇತುವೆ ಹುಡುಕಿ, ಆಚೆ ಬದಿಯ ಸರ್ವೀಸ್ ರಸ್ತೆಯಲ್ಲಿ ಬರಬೇಕು. ಹೊರಬರುವ ಜಾಗ ತಪ್ಪಿದವನು ಮುಂದಿನದರವರೆಗೆ ಹೋಗಿ ಮರಳಬೇಕು. ಊರಿನವನಿಗೆ ಇದು ಗೊತ್ತು, ಹೊರಗಿನಿಂದ ಬಂದವನಿಗೆ ಗೊತ್ತಿಲ್ಲ. ಕೊಲೆಯ ರಾತ್ರಿಯ ಹೊತ್ತಿನ ಲೆಕ್ಕ ಹೊಂದಬೇಕಾದರೆ ಕಾರು ಓಡಿಸಿದವನು ಆ ಜಾಗ ತಪ್ಪದೆ ಇಳಿದಿರಬೇಕು. ಗೋಡೆಯ ಪಟ್ಟಿಯ ಎರಡು ಸಾಲುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದು ಇದನ್ನು ಸೇರಿಸಿದೆ.

ಈ ವಾರ ಬರೆದದ್ದು ಕಡಿಮೆ. ಡಿಸೆಂಬರಿನ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮೈಕು ಕಟ್ಟಿದ ಜೀಪುಗಳು ತಿರುಗಲಾರಂಭಿಸಿದ್ದವು, ಒಂದು ಮಲಯಾಳದಲ್ಲಿ, ಹಿಂದೆಯೇ ಇನ್ನೊಂದು ಕನ್ನಡದಲ್ಲಿ. ಪತ್ತೇದಾರ ಮೌನವಾಗಿ ಯೋಚಿಸುವ ಅಧ್ಯಾಯವನ್ನು ಬೆಳಗಿನ ಪಾಳಿಗೇ ಮೀಸಲಿಟ್ಟೆ.

ಹಂತ 6. ನವೆಂಬರ್ 24ರಿಂದ 30: ಹಿಂದಿನಿಂದ ಮುಂದಕ್ಕೆ

ಎತ್ತಿಟ್ಟ 9,000 ಪದಗಳ ಕೊರತೆಯನ್ನು ಒಂದೇ ವಾರದಲ್ಲಿ ತುಂಬಿಸುವುದು ಅಸಾಧ್ಯವೆಂದು ತಿಳಿದ ಮೇಲೆ ಬರೆಯುವ ಕ್ರಮವನ್ನೇ ಬದಲಿಸಿದೆ. ಮೊದಲು ಕೊನೆಯ ಅಧ್ಯಾಯ, ಅಂದರೆ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಬಿಡಿಸಿ ಹೇಳುವುದು; ಆಮೇಲೆ ಅದಕ್ಕೆ ಬೇಕಾದ ಸುಳಿವುಗಳ ದೃಶ್ಯಗಳು ಮಾತ್ರ, ಒಂದೊಂದಾಗಿ ಹಿಂದಕ್ಕೆ. ನಡುವಿನ ಊಟ, ಪ್ರಯಾಣ, ಗುಡ್ಡದ ವರ್ಣನೆಗಳಿಗೆ ಒಂದೊಂದು ಸಾಲಿನ ಟಿಪ್ಪಣಿ. ಏನು ಸಾಬೀತಾಗಬೇಕೆಂದು ಗೊತ್ತಿದ್ದುದರಿಂದ ವೇಗ ತಾನಾಗಿ ಬಂತು, ಕೆಲವು ಬೆಳಗ್ಗೆ ಗುರಿಯ ಎರಡರಷ್ಟು. ಮುಂದಿನ ಸಲ ಮೊದಲ ದಿನವೇ ಕೊನೆಯ ಅಧ್ಯಾಯ ಬರೆಯುತ್ತೇನೆ.

ಸಂಭಾಷಣೆಯ ಭಾಷೆಯ ಪ್ರಶ್ನೆಯನ್ನೂ ಈ ವಾರವೇ ಇತ್ಯರ್ಥಗೊಳಿಸಬೇಕಾಯಿತು. ಇಲ್ಲಿ ಒಂದು ವಿಚಾರಣೆ ನಡೆದರೆ ಪೊಲೀಸರು ಮಲಯಾಳ, ಮನೆಯವರು ಹವ್ಯಕ, ಆಳು ತುಳು, ವ್ಯಾಪಾರಿ ಬ್ಯಾರಿ. ಎಲ್ಲವನ್ನೂ ಹಾಗೇ ಬರೆದರೆ ಧಾರವಾಡದ ಓದುಗ ಪುಸ್ತಕ ಮುಚ್ಚುತ್ತಾನೆ, ಎಲ್ಲರಿಗೂ ಒಂದೇ ಕನ್ನಡ ಕೊಟ್ಟರೆ ಪೆರ್ಲದ ಓದುಗ ನಗುತ್ತಾನೆ. ಪ್ರತಿಯೊಬ್ಬರೂ ಮೊದಲ ಸಲ ಬಾಯಿ ತೆರೆಯುವಾಗ ಒಂದು ವಾಕ್ಯ ಅವರ ಮಾತಿನಲ್ಲಿ, ಮುಂದಿನದು ಕನ್ನಡದಲ್ಲಿ, ಸುಳಿವು ಅಡಗಿರುವ ವಾಕ್ಯ ಯಾವಾಗಲೂ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಎಂದು ನಿಶ್ಚಯಿಸಿದೆ. ಭಾಷೆ ಬಾರದ್ದರಿಂದ ಓದುಗನಿಗೆ ಸುಳಿವು ತಪ್ಪಿದರೆ ಅದೂ ಮೋಸವೇ.

30ರ ರಾತ್ರಿ ಎಣಿಸಿದಾಗ ಕರಡು 31,000 ಪದಗಳನ್ನು ಸ್ವಲ್ಪ ದಾಟಿತ್ತು. 36,000 ಆಗಲಿಲ್ಲ. ಎತ್ತಿಟ್ಟ ಕಡತವನ್ನು ಸೇರಿಸಿದರೆ ಗುರಿ ದಾಟುತ್ತದೆ, ಮೂಲ ಆಟದ ನಿಯಮದಲ್ಲಿ ಅಳಿಸಿದ್ದನ್ನೂ ಎಣಿಸಿಕೊಳ್ಳುವವರಿದ್ದಾರೆ, ನಾನು ಎಣಿಸಲಿಲ್ಲ.

ಹಂತ 7. ಡಿಸೆಂಬರ್: ಮುದ್ರಣ, ಪರಿವರ್ತನೆ, ಉಳಿದ ‘ಕಕಕ’

162 ಪುಟಗಳ ಮುದ್ರಣಕ್ಕೆ ಪುಟಕ್ಕೆ ಎರಡು ರೂಪಾಯಿಯಂತೆ 324, ಸ್ಪೈರಲ್ ಬೈಂಡಿಂಗಿಗೆ 50. ಪ್ರಕಾಶಕರ ಪುಟವಿನ್ಯಾಸ ಹಳೆಯ ನುಡಿ ಅಕ್ಷರದಲ್ಲಿ ಆಗುವುದರಿಂದ ಯೂನಿಕೋಡ್ ಕಡತವನ್ನು ಪರಿವರ್ತಿಸಿ ನೋಡಿದೆ. ಆ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳು ಕುಳಿತಿರುತ್ತವೆ. ಹೀಗಾಗಿ ಕಾರಿನ ನಂಬರನ್ನು ನಾನು ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದ ಕಡೆಯೆಲ್ಲ ಅರ್ಥವಿಲ್ಲದ ಒತ್ತಕ್ಷರಗಳು ಮೂಡಿದವು. ಗಡಿಯ ಕಥೆಯಲ್ಲಿ ಕೇರಳದ ನಂಬರೋ ಕರ್ನಾಟಕದ ನಂಬರೋ ಎಂಬುದೇ ಒಂದು ಸುಳಿವು. ‘ಕೆಎಲ್ 14’, ‘ಕೆಎ 21’ ಎಂದು ಎಲ್ಲವನ್ನೂ ಕನ್ನಡದಲ್ಲಿ ತಿದ್ದಿ ಮತ್ತೆ ಪರಿವರ್ತಿಸಿದೆ.

‘ಕಕಕ’ ಪಟ್ಟಿಯಲ್ಲಿ ಹೆಚ್ಚಿನವು ಒಂದೆರಡು ಸಂಜೆಗಳಲ್ಲಿ ತೀರಿದವು. ಅಸಹಜ ಸಾವಿನ ತನಿಖೆಗೆ ನನ್ನ ಹಳೆಯ ಪುಸ್ತಕಗಳಲ್ಲಿ ಇದ್ದದ್ದು ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಗಡಿಯಾಚೆಯ ಠಾಣೆಯಲ್ಲಿ ಕೊಟ್ಟ ದೂರನ್ನು ದಾಖಲಿಸಿಕೊಂಡು ಈಚೆಗೆ ಕಳುಹಿಸುವ ಕ್ರಮವೂ ಈಗ 173ನೆಯ ಕಲಮಿನಲ್ಲಿಯೇ ಬಂದಿರುವುದರಿಂದ, ಎರಡು ಠಾಣೆಗಳು ಶವ ಯಾರದೆಂದು ಜಗಳವಾಡುವ ಒಂದು ಪೂರ್ತಿ ಅಧ್ಯಾಯ ಅನಗತ್ಯವಾಯಿತು. ಅದು ಚೆನ್ನಾಗಿ ಬಂದಿತ್ತು, ತೆಗೆದೆ.

ಒಂದು ‘ಕಕಕ’ ಮಾತ್ರ ಈಗ ತೀರುವಂಥದ್ದಲ್ಲ. ಕಥೆಯ ಕೊನೆಯ ಭಾಗ ಬೇಸಿಗೆಯಲ್ಲಿ ನಡೆಯುತ್ತದೆ. ಆಗ ಸುರಂಗದ ನೀರು ಎಷ್ಟಕ್ಕೆ ಇಳಿಯುತ್ತದೆ, ಆ ಸಣ್ಣ ಹರಿವಿಗೂ ಕೆಸರು ಏಳುತ್ತದೆಯೇ ಎಂಬುದು ಗೊತ್ತಾಗಬೇಕು. ಏಪ್ರಿಲ್ ಕೊನೆಯಲ್ಲಿ ಬಕೆಟ್ಟು, ಚೀಲಗಳೊಡನೆ ಮತ್ತೆ ಬರುವುದಾಗಿ ಬಾಯಾರಿನ ಸ್ನೇಹಿತರಿಗೆ ಹೇಳಿದ್ದೇನೆ. ಹಸ್ತಪ್ರತಿ ಕೊಡಲು ಪ್ರಕಾಶಕರಿಂದ ಜೂನ್‌ವರೆಗೆ ಸಮಯ ಕೇಳಿಕೊಂಡಿದ್ದೇನೆ.